ಹೊಳೆಯ ತಳದಲ್ಲಿ ಬಾಳುವ ಸ್ಟರ್ಜನ್ ಮೀನು: ಪದೇ ಪದೇ ಕೇಳುವ ಪ್ರಶ್ನೆಗಳು

ಮುನಿರಾಬಾದ್, ಗಂಗಾವತಿ, ಕಂಪ್ಲಿ, ಸಿರುಗುಪ್ಪ, ಮಾನ್ವಿ ಕಡೆಯ ಗೆಳೆಯರು, ಬಲೆ ಹಾಕುವವರು, ಶಾಲೆಯ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಸ್ಟರ್ಜನ್ ನಮ್ಮ ದೇಶದ ಮೀನಲ್ಲ. ಆದರೂ ತುಂಗಭದ್ರಾ ಡ್ಯಾಂ ಕೆಳಗೆ, ಕಾಲುವೆ ಪಕ್ಕದಲ್ಲಿ ಬದುಕುವ ನಾವು ಅದರ ಬಗ್ಗೆ ತಿಳಿದಿರಬೇಕು. ಹೊಳೆಯ ತಳದಲ್ಲಿ ಏನು ನಡೆಯುತ್ತದೆ ಅನ್ನುವುದನ್ನು ಈ ಮೀನಿನಷ್ಟು ಚೆನ್ನಾಗಿ ಹೇಳಿಕೊಡುವ ಜೀವಿ ನನಗೆ ಇನ್ನೊಂದು ಸಿಕ್ಕಿಲ್ಲ. ಇಲ್ಲಿನ ಉತ್ತರಗಳು ಹೆಚ್ಚಾಗಿ ಅಮೆರಿಕದ ಮಿಸ್ಸೌರಿ ನದಿಯ ಪ್ಯಾಲಿಡ್ ಸ್ಟರ್ಜನ್ ಮತ್ತು ಅದರ ಹತ್ತಿರದ ನೆಂಟ ಶವಲ್‌ನೋಸ್ ಸ್ಟರ್ಜನ್ ಬಗ್ಗೆ ಇವೆ.

ಸ್ಟರ್ಜನ್ ಅಂದ್ರೆ ಎಂಥ ಮೀನು?

ತುಂಬ ಹಳೆಯ ಕುಲದ ಮೀನು. ಸುಮಾರು 20 ಕೋಟಿ ವರ್ಷಗಳಿಂದ ಈ ಕುಲ ಭೂಮಿಯ ಮೇಲಿದೆ. ಡೈನೋಸಾರ್‌ಗಳು ಬಂದು ಹೋದವು, ಇವು ಉಳಿದವು. ಇವತ್ತು ಎರಡು ಡಜನ್‌ಗಿಂತ ಸ್ವಲ್ಪ ಜಾಸ್ತಿ ಜಾತಿಗಳಿವೆ. ಎಲ್ಲವೂ ಭೂಮಿಯ ಉತ್ತರ ಭಾಗದಲ್ಲೇ ಇವೆ: ಉತ್ತರ ಅಮೆರಿಕ, ಯುರೋಪ್, ರಷ್ಯಾ, ಚೀನಾ, ಮಧ್ಯ ಏಷ್ಯಾ. ಕೆಲವು ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆ ಇಡಲು ನದಿಗೆ ವಾಪಸ್ ಬರುತ್ತವೆ. ಕೆಲವು ಹುಟ್ಟಿನಿಂದ ಸಾವಿನ ತನಕ ನದಿಯಲ್ಲೇ ಇರುತ್ತವೆ. ನಾವು ಮಾತಾಡುತ್ತಿರುವುದು ಈ ಎರಡನೇ ಬಗೆಯ ಬಗ್ಗೆ.

ಪ್ಯಾಲಿಡ್ ಸ್ಟರ್ಜನ್ ನೋಡಲು ಉದ್ದ, ಬಣ್ಣ ಬಿಳಿಚು. ಮೂತಿ ಸಲಿಕೆಯ ಹಾಗೆ ಅಗಲ, ಚಪ್ಪಟೆ. ಬಾಯಿ ತಲೆಯ ಕೆಳಭಾಗದಲ್ಲಿದೆ. ಬಾಯಿಯ ಮುಂದೆ ಸಾಲಾಗಿ ನಾಲ್ಕು ಮೀಸೆ. ಬೆನ್ನು ಮತ್ತು ಪಕ್ಕಗಳಲ್ಲಿ ಐದು ಸಾಲು ಎಲುಬಿನ ಹಲಗೆಗಳು. ಬಾಲದ ಮೇಲಿನ ಎಳೆ ಕೆಳಗಿನದಕ್ಕಿಂತ ಉದ್ದ. ದೊಡ್ಡದು ಸುಮಾರು 1.8 ಮೀಟರ್ ಉದ್ದ, 35 ಕಿಲೋಗಿಂತ ಜಾಸ್ತಿ ತೂಕ ಬೆಳೆಯಬಹುದು. ಶವಲ್‌ನೋಸ್ ಚಿಕ್ಕದು, ಸಾಮಾನ್ಯವಾಗಿ ಎರಡು ಮೂರು ಕಿಲೋ ದಾಟುವುದಿಲ್ಲ.

ಎರಡೂ ಒಂದೇ ಥರ ಕಾಣುತ್ತವಲ್ಲ, ಬೇರೆ ಬೇರೆ ಅಂತ ಹೇಗೆ ಹೇಳುತ್ತಾರೆ?

ಮೀಸೆ ನೋಡಿ. ಶವಲ್‌ನೋಸ್‌ನ ನಾಲ್ಕೂ ಮೀಸೆ ಹೆಚ್ಚು ಕಡಿಮೆ ಒಂದೇ ಉದ್ದ, ಒಂದೇ ಗೆರೆಯಲ್ಲಿ. ಪ್ಯಾಲಿಡ್‌ನ ಒಳಗಿನ ಎರಡು ಮೀಸೆ ಹೊರಗಿನವುಗಳ ಅರ್ಧದಷ್ಟೇ ಉದ್ದ, ಸ್ವಲ್ಪ ಮುಂದಕ್ಕೂ ಇರುತ್ತವೆ. ಮರಿಗಳಲ್ಲಿ ಇದು ಕಷ್ಟ. ಎರಡೂ ಬೆರೆತು ಹುಟ್ಟಿದ ಮೀನುಗಳೂ ಇರುವುದರಿಂದ ಈಗ ಡಿಎನ್‌ಎ ಪರೀಕ್ಷೆ ಮಾಡುತ್ತಾರೆ. ಶವಲ್‌ನೋಸ್‌ಗೆ 1820ರಲ್ಲೇ ವಿಜ್ಞಾನದ ಹೆಸರು ಸಿಕ್ಕಿತ್ತು. ಪ್ಯಾಲಿಡ್ ಬೇರೆ ಜಾತಿ ಅಂತ ಗುರುತಿಸಿ ಹೆಸರಿಟ್ಟದ್ದು 1905ರಲ್ಲಿ, ಅಂದರೆ 85 ವರ್ಷ ತಡವಾಗಿ. ಅಷ್ಟು ಹೋಲಿಕೆ ಇವೆರಡಕ್ಕೆ.

ತುಂಗಭದ್ರೆಯಲ್ಲಿ, ಕೃಷ್ಣೆಯಲ್ಲಿ ಸ್ಟರ್ಜನ್ ಸಿಗುತ್ತಾ?

ಇಲ್ಲ. ಭಾರತದ ಯಾವ ಹೊಳೆಯಲ್ಲೂ ಸ್ಟರ್ಜನ್ ಸಹಜವಾಗಿ ಇಲ್ಲ.

ನಮ್ಮ ಬಲೆಗೆ ಮೈಮೇಲೆ ಗಟ್ಟಿ ಹಲಗೆ ಇರುವ ಮೀನು ಬಿತ್ತು. ಇದು ಸ್ಟರ್ಜನ್ ಅಲ್ವಾ?

ಈ ಪ್ರಶ್ನೆ ಫೋಟೊ ಸಮೇತ ಬರುತ್ತದೆ. ಅದು ಬಹುಮಟ್ಟಿಗೆ ಸಕ್ಕರ್ ಮೀನು. ದಕ್ಷಿಣ ಅಮೆರಿಕದ್ದು. ಅಕ್ವೇರಿಯಂ ಗಾಜಿನ ಪಾಚಿ ತಿನ್ನುತ್ತದೆ ಅಂತ ಅಂಗಡಿಯಲ್ಲಿ ಮಾರುತ್ತಾರೆ. ದೊಡ್ಡದಾದ ಮೇಲೆ ಸಾಕಲಾಗದೆ ಜನ ಕೆರೆಗೋ ಹೊಳೆಗೋ ಬಿಟ್ಟುಬಿಡುತ್ತಾರೆ. ಹೀಗೆ ಭಾರತದ ಹಲವು ನದಿ, ಕೆರೆಗಳನ್ನು ಅದು ಸೇರಿಕೊಂಡಿದೆ.

ಗುರುತು ಹಿಡಿಯುವುದು ಸುಲಭ. ಸಕ್ಕರ್ ಮೀನಿನ ಬಾಯಿ ದುಂಡಗೆ ಅಗಲವಾಗಿ ಗಾಜಿಗೂ ಕಲ್ಲಿಗೂ ಅಂಟಿಕೊಳ್ಳುತ್ತದೆ. ಬೆನ್ನಿನ ರೆಕ್ಕೆ ದೊಡ್ಡದು, ಬೆನ್ನಿನ ಮುಂಭಾಗದಿಂದಲೇ ಎದ್ದು ನಿಲ್ಲುತ್ತದೆ. ಮೈಯೆಲ್ಲ ಚುಕ್ಕೆ ಅಥವಾ ಗೆರೆ. ಸ್ಟರ್ಜನ್‌ನ ಬೆನ್ನಿನ ರೆಕ್ಕೆ ಚಿಕ್ಕದು, ಬಹಳ ಹಿಂದೆ, ಬಾಲದ ಹತ್ತಿರ ಇರುತ್ತದೆ. ಮೂತಿಯ ಕೆಳಗೆ ನಾಲ್ಕು ಮೀಸೆ ತೂಗುತ್ತವೆ. ಸಕ್ಕರ್ ಮೀನನ್ನು ದಯವಿಟ್ಟು ಮತ್ತೆ ನೀರಿಗೆ ಬಿಡಬೇಡಿ. ಅದರ ರೆಕ್ಕೆಯ ಮುಳ್ಳು ಬಲೆ ಹರಿಯುತ್ತದೆ. ದಂಡೆಯಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ. ನಮ್ಮ ಮೀನುಗಳ ಜಾಗ, ತಿಂಡಿ ಎರಡನ್ನೂ ಕಿತ್ತುಕೊಳ್ಳುತ್ತದೆ.

ಸ್ಟರ್ಜನ್ ತಳದಲ್ಲೇ ಯಾಕೆ ಇರುತ್ತದೆ?

ಊಟ ಅಲ್ಲಿದೆ, ಸೆಳವು ಅಲ್ಲಿ ಕಡಿಮೆ. ಹೊಳೆಯ ಮೇಲ್ಮೈಯಲ್ಲಿ ನೀರು ಎಷ್ಟೇ ಜೋರಾಗಿ ಓಡಲಿ, ತಳಕ್ಕೆ ತಾಗಿದ ಪದರ ನಿಧಾನ. ಮರಳಿನ ದಿಬ್ಬದ ಹಿಂದೆ, ಕಲ್ಲಿನ ಮರೆಯಲ್ಲಿ ಇನ್ನೂ ನಿಧಾನ. ಸ್ಟರ್ಜನ್‌ನ ಇಡೀ ಮೈ ಈ ತೆಳು ಪದರಕ್ಕೆ ಹೊಂದಿಕೊಂಡಿದೆ. ಹೊಟ್ಟೆ ಚಪ್ಪಟೆ. ಎದೆಯ ರೆಕ್ಕೆಗಳು ಪಕ್ಕಕ್ಕೆ ಅಗಲವಾಗಿ ಚಾಚಿಕೊಂಡಿವೆ. ಆ ರೆಕ್ಕೆಗಳನ್ನು ಓರೆ ಮಾಡಿದರೆ ಹರಿವ ನೀರೇ ಮೀನನ್ನು ಕೆಳಕ್ಕೆ ಒತ್ತುತ್ತದೆ. ಹೀಗೆ ಹೆಚ್ಚು ಈಜದೆ, ಶಕ್ತಿ ಕಳೆಯದೆ, ದೊಡ್ಡ ಹೊಳೆಯ ನಡುವೆ ನಿಂತಿರುತ್ತದೆ.

ನಮ್ಮಲ್ಲಿ ಹೊಳೆಯ ತಳ ಅಂದ್ರೆ ಬರೀ ಮರಳು, ಕೆಸರು ಅಂತ ತಿಳಿಯುವವರೇ ಜಾಸ್ತಿ. ಅಲ್ಲಿ ಹುಳುಗಳು, ನೀರು ನೊಣದ ಮರಿಗಳು, ಸೀಗಡಿ, ಚಿಪ್ಪಿನ ಹುಳ, ಕೊಳೆಯುವ ಎಲೆ, ಇವುಗಳನ್ನು ತಿನ್ನುವ ಸಣ್ಣ ಮೀನು ಎಲ್ಲ ಸೇರಿ ಒಂದು ದೊಡ್ಡ ಸಂಸಾರವೇ ಇದೆ. ಶವಲ್‌ನೋಸ್ ಸ್ಟರ್ಜನ್ ಜೀವನಪೂರ್ತಿ ಹೆಚ್ಚಾಗಿ ಈ ಹುಳುಗಳನ್ನೇ ತಿನ್ನುತ್ತದೆ. ಪ್ಯಾಲಿಡ್ ಚಿಕ್ಕಂದಿನಲ್ಲಿ ಹುಳ ತಿಂದು, ದೊಡ್ಡದಾದ ಮೇಲೆ ತಳದ ಸಣ್ಣ ಮೀನುಗಳ ಕಡೆ ತಿರುಗುತ್ತದೆ.

ಕೆಂಪು ನೀರಿನಲ್ಲಿ ಏನೂ ಕಾಣಲ್ಲ. ಊಟ ಹೇಗೆ ಹುಡುಕುತ್ತದೆ?

ಕಣ್ಣಿನ ಮೇಲೆ ಅದು ಭರವಸೆ ಇಟ್ಟಿಲ್ಲ. ಕಣ್ಣು ತೀರ ಸಣ್ಣವು. ಮಿಸ್ಸೌರಿ ಮೊದಲಿನಿಂದಲೂ ಮಣ್ಣು ಹೊತ್ತು ಹರಿಯುವ ನದಿ. ಮಳೆಗಾಲದಲ್ಲಿ ನಮ್ಮ ಹೊಳೆಗೆ ಹೊಸ ನೀರು ಬಂದಾಗ ಇರುವ ಬಣ್ಣ ಅಲ್ಲಿ ವರ್ಷದ ಬಹುಪಾಲು ಇರುತ್ತಿತ್ತು. ಅಂಥ ನೀರಿನಲ್ಲಿ ಮೀಸೆಗಳು ನೆಲವನ್ನು ಮುಟ್ಟಿ, ರುಚಿ ನೋಡಿ ತಿಳಿಸುತ್ತವೆ.

ಇನ್ನೊಂದು ಇಂದ್ರಿಯವೂ ಇದೆ, ನಮಗೆ ಇಲ್ಲದ್ದು. ಮೂತಿಯ ಅಡಿಯಲ್ಲಿ ನೂರಾರು ಸಣ್ಣ ಗುಳಿಗಳಿವೆ. ಜೀವ ಇರುವ ಪ್ರತಿಯೊಂದು ಪ್ರಾಣಿಯ ಮೈಯಿಂದಲೂ ಅತಿ ಸಣ್ಣ ಪ್ರಮಾಣದ ವಿದ್ಯುತ್ ಹೊಮ್ಮುತ್ತದೆ, ಅದನ್ನು ಈ ಗುಳಿಗಳು ಹಿಡಿಯುತ್ತವೆ. ಮರಳಿನಡಿ ಅಡಗಿದ ಹುಳ ಕಣ್ಣಿಗೆ ಬೀಳದಿದ್ದರೂ ಸ್ಟರ್ಜನ್‌ಗೆ ಗೊತ್ತಾಗುತ್ತದೆ. ಗೊತ್ತಾದ ಕೂಡಲೇ ಬಾಯಿ ಕೊಳವೆಯಾಗಿ ಕೆಳಕ್ಕೆ ಚಾಚುತ್ತದೆ, ತಿಂಡಿಯನ್ನು ಎಳೆದುಕೊಳ್ಳುತ್ತದೆ, ಮರಳನ್ನು ಕಿವಿರಿನಿಂದ ಹೊರಗೆ ಹಾಕುತ್ತದೆ. ಬೆಳೆದ ಸ್ಟರ್ಜನ್‌ಗೆ ಹಲ್ಲು ಇಲ್ಲ.

ಎಲುಬು ಇಲ್ಲ ಅಂತಾರೆ. ಹಾಗಾದ್ರೆ ಶಾರ್ಕ್ ಜಾತಿನಾ?

ಅಲ್ಲ. ಒಳಗಿನ ಅಸ್ಥಿಪಂಜರ ಬಹುಪಾಲು ಮೃದು ಎಲುಬು, ನಮ್ಮ ಕಿವಿಯಲ್ಲಿ ಇರುವಂಥದ್ದು. ಬಾಲದ ಆಕಾರವೂ ಶಾರ್ಕ್‌ನದ್ದನ್ನು ಹೋಲುತ್ತದೆ. ಆದರೆ ಸ್ಟರ್ಜನ್‌ನ ಪೂರ್ವಜರಿಗೆ ಗಟ್ಟಿ ಎಲುಬು ಇತ್ತು, ಕಾಲಕ್ರಮದಲ್ಲಿ ಕಡಿಮೆಯಾಯಿತು. ರೋಹು, ಕಾಟ್ಲಾ ಇರುವ ದೊಡ್ಡ ಗುಂಪಿಗೇ ಇದೂ ಸೇರಿದ್ದು, ಅದರ ಬಹಳ ಹಳೆಯ ಕವಲು. ಶಾರ್ಕ್‌ಗೆ ಇಲ್ಲದ ಗಾಳಿಚೀಲ ಇದಕ್ಕಿದೆ.

ಎಷ್ಟು ವರ್ಷ ಬದುಕುತ್ತದೆ?

ಪ್ಯಾಲಿಡ್ 50 ವರ್ಷ ದಾಟುತ್ತದೆ. ಅದೇ ಕುಲದ ಲೇಕ್ ಸ್ಟರ್ಜನ್‌ನ ಹೆಣ್ಣು ನೂರು ವರ್ಷ ದಾಟಿದ ದಾಖಲೆ ಇದೆ. ವಯಸ್ಸು ಕಂಡುಹಿಡಿಯಲು ಎದೆಯ ರೆಕ್ಕೆಯ ಮೊದಲ ಕಡ್ಡಿಯ ಸಣ್ಣ ತುಂಡನ್ನು ಕತ್ತರಿಸಿ, ಒಳಗಿನ ಉಂಗುರಗಳನ್ನು ಎಣಿಸುತ್ತಾರೆ.

ಆಯಸ್ಸು ಉದ್ದ ಅಂದ ಮಾತ್ರಕ್ಕೆ ಖುಷಿ ಪಡುವ ಹಾಗಿಲ್ಲ. ಪ್ಯಾಲಿಡ್ ಹೆಣ್ಣು ಮೊದಲ ಸಲ ಮೊಟ್ಟೆ ಇಡಲು ಸುಮಾರು 15 ವರ್ಷ ಬೇಕು. ಆಮೇಲೂ ಪ್ರತಿ ವರ್ಷ ಇಡುವುದಿಲ್ಲ, ಎರಡು ಮೂರು ವರ್ಷಕ್ಕೊಮ್ಮೆ ಮಾತ್ರ. ನಮ್ಮ ಕೆರೆಯ ಮೀನುಗಳು ಎರಡು ಮೂರು ವರ್ಷಕ್ಕೇ ಮೊಟ್ಟೆ ಇಡುವಷ್ಟು ಬೆಳೆಯುತ್ತವೆ. ಒಂದು ವರ್ಷ ಕೆಟ್ಟರೂ ಮುಂದಿನ ಮಳೆಗಾಲಕ್ಕೆ ಚೇತರಿಸಿಕೊಳ್ಳುತ್ತವೆ. ಸ್ಟರ್ಜನ್‌ಗೆ ಆ ಅನುಕೂಲ ಇಲ್ಲ. ಇನ್ನೊಂದು ಮೋಸವೂ ಇಲ್ಲಿದೆ. ಮರಿಗಳೆಲ್ಲ ಸಾಯುತ್ತಿದ್ದರೂ ದೊಡ್ಡ ಮೀನುಗಳು ದಶಕಗಟ್ಟಲೆ ಹೊಳೆಯಲ್ಲಿ ಕಾಣುತ್ತಲೇ ಇರುತ್ತವೆ. ಮೀನು ಇದೆಯಲ್ಲ ಅಂತ ಜನ ಸುಮ್ನೆ ಇದ್ದುಬಿಡುತ್ತಾರೆ. ಎಳೆಯವು ಒಂದೂ ಇಲ್ಲ ಅಂತ ಗೊತ್ತಾಗುವ ಹೊತ್ತಿಗೆ ಒಂದು ತಲೆಮಾರೇ ಹೋಗಿರುತ್ತದೆ.

ಮೊಟ್ಟೆ ಎಲ್ಲಿ ಇಡುತ್ತದೆ? ಮರಿ ಹೇಗೆ ಬೆಳೆಯುತ್ತದೆ?

ವಸಂತ ಮುಗಿದು ಬೇಸಿಗೆ ಶುರುವಾಗುವಾಗ, ಹಿಮ ಕರಗಿ ಹೊಳೆ ತುಂಬಿ, ನೀರು ಸುಮಾರು 16ರಿಂದ 20 ಡಿಗ್ರಿಗೆ ಬೆಚ್ಚಗಾದಾಗ, ಹೆಣ್ಣು ಮೀನು ಹರಿವಿಗೆ ಎದುರಾಗಿ ಮೇಲಕ್ಕೆ ಹೋಗುತ್ತದೆ. ನೂರಾರು ಕಿಲೋಮೀಟರ್ ಹೋಗಬಹುದು. ಸೆಳವು ಜೋರಾಗಿರುವ, ತಳದಲ್ಲಿ ಕಲ್ಲು ಇರುವ ಜಾಗದಲ್ಲಿ ಮೊಟ್ಟೆ ಬಿಡುತ್ತದೆ. ಹತ್ತಾರು ಸಾವಿರ ಮೊಟ್ಟೆ, ದೊಡ್ಡ ಮೀನಾದರೆ ಲಕ್ಷವನ್ನೂ ದಾಟುತ್ತವೆ. ಅವು ಅಂಟು ಅಂಟಾಗಿದ್ದು ಕಲ್ಲಿಗೆ ಹಿಡಿದುಕೊಳ್ಳುತ್ತವೆ. ಸುಮಾರು ಒಂದು ವಾರದಲ್ಲಿ ಒಡೆಯುತ್ತವೆ. ತಾಯಿ ತಂದೆ ಕಾಯುವುದಿಲ್ಲ.

ಇಲ್ಲಿಂದ ಮುಂದಿನದ್ದು ನನಗೆ ಈ ಮೀನಿನ ಬದುಕಿನಲ್ಲೇ ದೊಡ್ಡ ಸಂಗತಿ. ಒಡೆದ ಮರಿ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ಕಣ್ಣು, ಬಾಯಿ, ರೆಕ್ಕೆ ಯಾವುದೂ ಪೂರ್ತಿ ಆಗಿಲ್ಲ. ಹೊಟ್ಟೆಗೆ ಅಂಟಿದ ಹಳದಿ ಚೀಲವೇ ಅದರ ಊಟ. ಈ ಸ್ಥಿತಿಯಲ್ಲಿ ಅದು ನಿಲ್ಲುವುದಿಲ್ಲ, ಹರಿವಿನ ಜೊತೆ ಹೊರಡುತ್ತದೆ. ತಳಕ್ಕೆ ಹತ್ತಿರವಾಗಿ, ಹಗಲು ರಾತ್ರಿ, ಒಂದು ವಾರದಿಂದ ಎರಡು ವಾರದವರೆಗೆ ತೇಲುತ್ತಲೇ ಇರುತ್ತದೆ. ಈ ದಿನಗಳಲ್ಲಿ ಮೈ ಬೆಳೆಯುತ್ತದೆ. ಹಳದಿ ಖಾಲಿಯಾಗುವ ಹೊತ್ತಿಗೆ ಈಜಲು, ತಿನ್ನಲು ಶಕ್ತಿ ಬಂದು ತಳದಲ್ಲಿ ನೆಲೆಸುತ್ತದೆ.

ಈ ಪಯಣಕ್ಕೆ ಎಷ್ಟು ಉದ್ದದ ಹೊಳೆ ಬೇಕು? ಮಿಸ್ಸೌರಿಯಲ್ಲಿ ಮಾಡಿದ ಅಧ್ಯಯನದ ಲೆಕ್ಕ 245ರಿಂದ 530 ಕಿಲೋಮೀಟರ್, ನೀರಿನ ವೇಗದ ಮೇಲೆ ಹೋಗುತ್ತದೆ. ಕೂಡಲಿಯಲ್ಲಿ ತುಂಗಾ, ಭದ್ರಾ ಸೇರಿದಲ್ಲಿಂದ ಕೃಷ್ಣೆಯನ್ನು ಸೇರುವ ತನಕ ನಮ್ಮ ತುಂಗಭದ್ರೆಯ ಉದ್ದ 531 ಕಿಲೋಮೀಟರ್. ಒಂದು ಸೆಂಟಿಮೀಟರ್ ಇಲ್ಲದ ಮರಿ ಬದುಕಲು ತುಂಗಭದ್ರೆಯಷ್ಟು ಉದ್ದದ, ನಡುವೆ ಎಲ್ಲೂ ನಿಲ್ಲದ ಹರಿವು ಬೇಕಾಗಬಹುದು.

ಡ್ಯಾಂ ಕಟ್ಟಿದರೆ ಈ ಮೀನಿಗೆ ಏನಾಗುತ್ತದೆ? ನೀರು ಜಾಸ್ತಿ ಆದ್ರೆ ಒಳ್ಳೇದಲ್ವಾ?

ನೀರು ಜಾಸ್ತಿ ಇರುವುದು ಬೇರೆ, ಹರಿಯುವುದು ಬೇರೆ. ಮಿಸ್ಸೌರಿಯ ಮುಖ್ಯ ಹರಿವಿಗೆ ಆರು ದೊಡ್ಡ ಡ್ಯಾಂಗಳಿವೆ. ಮೊಂಟಾನಾದ ಫೋರ್ಟ್ ಪೆಕ್ ಡ್ಯಾಂ 1930ರ ದಶಕದಲ್ಲಿ ಕಟ್ಟಲು ಶುರುವಾಗಿ 1940ರಲ್ಲಿ ಮುಗಿಯಿತು. ಅದರ ಕೆಳಗೆ ನಾರ್ತ್ ಡಕೋಟಾದ ಗ್ಯಾರಿಸನ್ ಡ್ಯಾಂ ನದಿಯನ್ನು ತಡೆದದ್ದು 1953ರಲ್ಲಿ. ಅದೇ ವರ್ಷ ನಮ್ಮ ತುಂಗಭದ್ರಾ ಡ್ಯಾಂ ಕೂಡ ಮುಗಿಯಿತು.

ಮೊದಲ ಪೆಟ್ಟು ದಾರಿಗೆ ಬಿತ್ತು. ಮೊಟ್ಟೆ ಇಡಲು ಮೇಲೆ ಹೋಗುವ ಮೀನಿಗೆ ಗೋಡೆ ಅಡ್ಡ ಬಂತು. ಎರಡನೇ ಪೆಟ್ಟು ನೀರಿನ ಬಿಸಿಗೆ. ದೊಡ್ಡ ಜಲಾಶಯದ ಆಳದಿಂದ ಬಿಡುವ ನೀರು ತಣ್ಣಗಿರುತ್ತದೆ. ಕೆಳಗಿನ ಹೊಳೆ ಬೇಕಾದ ಕಾಲಕ್ಕೆ ಬೆಚ್ಚಗಾಗುವುದಿಲ್ಲ. ತಣ್ಣೀರಿನಲ್ಲಿ ಮರಿ ನಿಧಾನವಾಗಿ ಬೆಳೆಯುತ್ತದೆ, ಆದ್ದರಿಂದ ಇನ್ನೂ ಹೆಚ್ಚು ದೂರ ತೇಲಬೇಕಾಗುತ್ತದೆ. ಇನ್ನೊಂದು ಕಡೆ, ತೇಲಲು ಸಿಗುವ ಹೊಳೆಯೇ ಚಿಕ್ಕದಾಗಿದೆ. ಫೋರ್ಟ್ ಪೆಕ್‌ನಿಂದ ಕೆಳಗಿನ ಜಲಾಶಯದ ಬಾಯಿಯವರೆಗೆ ಉಳಿದಿರುವ ಹರಿವು ಸುಮಾರು 300 ಕಿಲೋಮೀಟರ್.

ಜಲಾಶಯ ಸೇರಿದ ಮರಿ ಯಾಕೆ ಸಾಯುತ್ತದೆ ಅನ್ನುವುದು ಬಹಳ ಕಾಲ ಒಗಟಾಗಿತ್ತು. ದೊಡ್ಡ ಮೀನು ತಿಂದುಹಾಕುತ್ತವೆ ಅಂತ ಊಹೆ ಇತ್ತು. 2015ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಕಾರಣ ತೋರಿಸಿತು. ಹೊಳೆ ಜಲಾಶಯಕ್ಕೆ ಸೇರುವ ಕಡೆ ಹರಿವು ನಿಂತು ಹೂಳು, ಕಸ ಕಡ್ಡಿ ತಳಕ್ಕೆ ಕೂರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮ ಜೀವಿಗಳು ತಳದ ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ತಳಕ್ಕೆ ಹತ್ತಿರವಾಗಿ ತೇಲಿ ಬಂದ ಮರಿ ಇನ್ನೂ ಈಜಲಾರದು, ಮೇಲಕ್ಕೆ ಏಳಲಾರದು. ಅಲ್ಲಿ ಉಸಿರಾಡಲು ಆಗದೆ ಸಾಯುತ್ತದೆ. ಕೆಲವು ಅಡಿ ಮೇಲಿನ ನೀರು ಚೆನ್ನಾಗಿಯೇ ಇರುತ್ತದೆ. ಇದನ್ನು ಓದಿದಾಗ ನನಗೆ ತುಂಬ ಸಂಕಟವಾಯಿತು. ಕೋಟಿಗಟ್ಟಲೆ ವರ್ಷ ಈ ಕುಲವನ್ನು ಉಳಿಸಿದ ತಳದ ಬಾಳ್ವೆಯೇ ಈಗ ಮರಿಗಳಿಗೆ ಸಾವಾಗುತ್ತಿದೆ.

1990ರಲ್ಲಿ ಅಮೆರಿಕ ಸರ್ಕಾರ ಪ್ಯಾಲಿಡ್ ಸ್ಟರ್ಜನ್ ಅನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಮೇಲಿನ ಮಿಸ್ಸೌರಿಯ ಆ ಭಾಗದಲ್ಲಿ ಡ್ಯಾಂ ಮುಂಚೆ ಹುಟ್ಟಿ ಉಳಿದಿರುವ ಕಾಡು ಮೀನುಗಳು ಸುಮಾರು 125 ಮಾತ್ರ ಅಂತ ಕೆಲ ವರ್ಷಗಳ ಹಿಂದಿನ ಅಂದಾಜು.

ನಮ್ಮ ಡ್ಯಾಂಗೂ ಇದಕ್ಕೂ ಏನು ಸಂಬಂಧ?

ಮೀನು ಬೇರೆ, ಹವೆ ಬೇರೆ. ಮಿಸ್ಸೌರಿ ತುಂಬುವುದು ಹಿಮದಿಂದಲೂ, ನಮ್ಮದು ಮಲೆನಾಡಿನ ಮಳೆಯಿಂದ. ಹಾಗಾಗಿ ಅಲ್ಲಿಯ ಅಂಕಿಗಳನ್ನು ಇಲ್ಲಿಗೆ ತಂದು ಅಂಟಿಸುವುದು ತಪ್ಪು. ಆದರೆ ಕೆಲಸ ಮಾಡುವ ನಿಯಮ ಒಂದೇ. ನಿಂತ ನೀರಿನಲ್ಲಿ ಮಣ್ಣು ಕೂರುತ್ತದೆ. ತುಂಗಭದ್ರಾ ಜಲಾಶಯದಲ್ಲಿ ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ರೈತರು ಇದನ್ನು ಎರಡನೇ ಬೆಳೆಗೆ ನೀರಿಲ್ಲ ಅನ್ನುವ ಲೆಕ್ಕದಲ್ಲಿ ನೋಡುತ್ತಾರೆ. ನೋಡಲೇಬೇಕು, ಸಿಂಧನೂರು, ಮಾನ್ವಿ ಕಡೆ ಕಾಲುವೆಯ ಕೊನೆಯಲ್ಲಿ ಇರುವವರ ಕಷ್ಟ ಸಣ್ಣದಲ್ಲ. ಅದೇ ಲೆಕ್ಕಕ್ಕೆ ಇನ್ನೊಂದು ಮಗ್ಗುಲೂ ಇದೆ. ಜಲಾಶಯದಲ್ಲಿ ಕೂತ ಆ ಮಣ್ಣು ಕೆಳಗಿನ ಹೊಳೆಗೆ ಬರಲಿಲ್ಲ.

ಹೂಳು ಬರದಿದ್ದರೆ ಹೊಳೆಗೆ ನಷ್ಟ ಏನು? ನೀರು ತಿಳಿಯಾಗುತ್ತದಲ್ಲ?

ತಿಳಿ ನೀರು ನಮಗೆ ಚೆಂದ. ಮಣ್ಣು ನೀರಿಗೆ ಹೊಂದಿಕೊಂಡ ಮೀನಿಗೆ ಅದೇ ಕಷ್ಟ. ಮಿಸ್ಸೌರಿಯಲ್ಲಿ ಡ್ಯಾಂಗಳ ಕೆಳಗೆ ನೀರು ತಿಳಿಯಾದ ಮೇಲೆ ಕಣ್ಣಿನಿಂದ ಬೇಟೆ ಆಡುವ ಮೀನುಗಳಿಗೆ ಅನುಕೂಲವಾಯಿತು. ಕೆಸರಿನ ಮರೆಯಲ್ಲಿ ಬಚಾವಾಗುತ್ತಿದ್ದ ಮರಿಗಳು, ಪ್ಯಾಲಿಡ್ ತಿನ್ನುತ್ತಿದ್ದ ತಳದ ಸಣ್ಣ ಮೀನುಗಳು ಬಯಲಿಗೆ ಬಿದ್ದವು.

ಮಣ್ಣು, ಮರಳು ಬರದಿದ್ದರೆ ಹೊಳೆ ತನ್ನ ತಳವನ್ನೇ ಕೊರೆದುಕೊಳ್ಳುತ್ತದೆ. ಮರಳು ದಿಬ್ಬ, ನಡುಗಡ್ಡೆ, ಪಕ್ಕದ ಕಿರುಗಾಲುವೆ ಮತ್ತೆ ಹುಟ್ಟುವುದಿಲ್ಲ. ತಳದ ಮೀನಿಗೆ ಈ ಏರುಪೇರೇ ಮನೆ. ಕೆಳಗಿನ ಮಿಸ್ಸೌರಿಯ ಸುಮಾರು 1,180 ಕಿಲೋಮೀಟರ್ ಉದ್ದವನ್ನು ದೋಣಿ ಓಡಾಟಕ್ಕಾಗಿ ನೇರ ಮಾಡಿ, ಎರಡೂ ದಂಡೆಗೆ ಕಲ್ಲು ಹಾಕಿ ಇಕ್ಕಟ್ಟು ಮಾಡಿದರು. ನೀರು ಅಲ್ಲಿ ಈಗ ಒಂದೇ ಆಳದಲ್ಲಿ, ಒಂದೇ ವೇಗದಲ್ಲಿ ಓಡುತ್ತದೆ. ಮರಿ ನಿಂತು ಹುಳ ತಿನ್ನುವ ಮೂಲೆ ಕಡಿಮೆಯಾಯಿತು. ಹೊಳೆಯಿಂದ ಲೆಕ್ಕವಿಲ್ಲದೆ ಮರಳು ಎತ್ತುವ ನಮ್ಮ ಕಡೆಯೂ ಇದು ಯೋಚಿಸುವ ವಿಷಯ. ಮರಳು ಹೋದಲ್ಲಿ ಅದರೊಳಗಿನ ಹುಳುಗಳೂ ಹೋಗುತ್ತವೆ.

ರೈತರಿಗೂ ನೀರು ಬೇಕು. ಎರಡೂ ಆಗುವ ದಾರಿ ಇದೆಯಾ?

ಇದೆ, ಒಂದು ಒಳ್ಳೆಯ ಉದಾಹರಣೆ ಯೆಲ್ಲೋಸ್ಟೋನ್ ನದಿಯಲ್ಲಿ. ಇದು ಮಿಸ್ಸೌರಿಯ ಉಪನದಿ. ಮೊಂಟಾನಾದ ಇಂಟೇಕ್ ಅನ್ನುವ ಜಾಗದಲ್ಲಿ ನೂರು ವರ್ಷಕ್ಕೂ ಹಿಂದೆ ಕಾಲುವೆಗೆ ನೀರು ತಿರುಗಿಸಲು ತಗ್ಗಿನ ಒಡ್ಡು ಕಟ್ಟಿದ್ದರು. ಆ ಕಾಲುವೆ ನಂಬಿ ಬೀಟ್ ಗಡ್ಡೆ ಬೆಳೆಯುವ ರೈತರಿದ್ದಾರೆ, ಅದರಿಂದ ಸಕ್ಕರೆ ಮಾಡುತ್ತಾರೆ. ಒಡ್ಡು ದೊಡ್ಡದಲ್ಲ, ಆದರೆ ತಳದಲ್ಲಿ ಹೋಗುವ ಸ್ಟರ್ಜನ್ ಅದನ್ನು ದಾಟುತ್ತಿರಲಿಲ್ಲ. ಮೇಲಿನ ಉದ್ದನೆಯ ಹೊಳೆ ಅದಕ್ಕೆ ಇಲ್ಲದಂತಾಗಿತ್ತು.

ಮೆಟ್ಟಿಲು ಮೆಟ್ಟಿಲಾಗಿ ಕಟ್ಟುವ ಮೀನು ಏಣಿ ಇಲ್ಲಿ ಪ್ರಯೋಜನವಿಲ್ಲ. ಅದು ಸಾಲ್ಮನ್ ಥರ ಹಾರುವ ಮೀನಿಗೆ. ಸ್ಟರ್ಜನ್ ಹಾರಿ ಮೆಟ್ಟಿಲು ಹತ್ತುವುದಿಲ್ಲ. ಅದಕ್ಕೆ ಇಳಿಜಾರಿನ, ನೆಲ ಕಡಿಯದ ದಾರಿ ಬೇಕು. ಕೊನೆಗೆ ಒಡ್ಡಿನ ಪಕ್ಕದಲ್ಲಿ ಸುಮಾರು ಮೂರು ಕಿಲೋಮೀಟರ್ ಉದ್ದದ ಹೊಸ ಕಿರುಹೊಳೆಯನ್ನೇ ತೋಡಿದರು. 2022ರಲ್ಲಿ ಅದಕ್ಕೆ ನೀರು ಬಿಟ್ಟರು. ಪ್ಯಾಲಿಡ್ ಸ್ಟರ್ಜನ್‌ಗಳು ಅದರ ಮೂಲಕ ಮೇಲೆ ಹೋದದ್ದು ಅವುಗಳ ಮೈಯಲ್ಲಿಟ್ಟ ರೇಡಿಯೊ ಸಾಧನದಿಂದ ಗೊತ್ತಾಯಿತು. ಕಾಲುವೆಗೂ ನೀರು ನಿಲ್ಲಲಿಲ್ಲ. ಮೀನು ಹೇಗೆ ನಡೆಯುತ್ತದೆ ಅಂತ ಮೊದಲು ತಿಳಿದುಕೊಂಡು ಆಮೇಲೆ ಕಟ್ಟಿದ್ದರಿಂದ ಇದು ಸಾಧ್ಯವಾಯಿತು ಅಂತ ನನ್ನ ನಂಬಿಕೆ.

ಹ್ಯಾಚರಿಯಲ್ಲಿ ಮರಿ ಮಾಡಿ ಬಿಟ್ಟರೆ ಮುಗಿಯಿತಲ್ಲ?

1990ರ ದಶಕದಿಂದ ಬಿಡುತ್ತಿದ್ದಾರೆ. ಸೌತ್ ಡಕೋಟಾದ ಗ್ಯಾವಿನ್ಸ್ ಪಾಯಿಂಟ್ ಹ್ಯಾಚರಿ ಇದಕ್ಕೆ ಹೆಸರಾಗಿದೆ. ಕಾಡು ಮೀನನ್ನು ಹಿಡಿದು, ಮೊಟ್ಟೆ ತೆಗೆದು, ಮರಿ ಮಾಡಿ, ತಾಯಿಯನ್ನು ಮತ್ತೆ ಹೊಳೆಗೆ ಬಿಡುತ್ತಾರೆ. ಬಿಟ್ಟ ಮರಿಗಳು ಚೆನ್ನಾಗಿ ಬದುಕಿವೆ, ಬೆಳೆದಿವೆ. ಈ ಕೆಲಸ ಇಲ್ಲದಿದ್ದರೆ ಮೇಲಿನ ಮಿಸ್ಸೌರಿಯಲ್ಲಿ ಮುದಿ ಮೀನುಗಳಷ್ಟೇ ಉಳಿಯುತ್ತಿದ್ದವು. ಆದರೆ ಆ ಮೀನುಗಳು ಹೊಳೆಯಲ್ಲಿ ಇಟ್ಟ ಮೊಟ್ಟೆಯಿಂದ ಮರಿ ಬದುಕಿ ಬರದ ಹೊರತು ಹ್ಯಾಚರಿ ನಿಲ್ಲಿಸುವ ಹಾಗಿಲ್ಲ. ಕೆಲವೇ ತಾಯಿ ಮೀನುಗಳ ಮಕ್ಕಳೇ ಹೊಳೆ ತುಂಬಿದರೆ ಕುಲದ ಒಳವೈವಿಧ್ಯವೂ ತಗ್ಗುತ್ತದೆ.

ಕ್ಯಾವಿಯರ್ ಇದರ ಮೊಟ್ಟೆಯೇನಾ?

ಹೌದು. ಉಪ್ಪು ಹಾಕಿದ ಸ್ಟರ್ಜನ್ ಮೊಟ್ಟೆ. ಹೆಚ್ಚು ಹೆಸರಾದದ್ದು ಕ್ಯಾಸ್ಪಿಯನ್ ಸಮುದ್ರದ ಬೆಲುಗಾ ಮುಂತಾದ ಜಾತಿಗಳದ್ದು. ಅಮೆರಿಕದಲ್ಲಿ 19ನೇ ಶತಮಾನದ ಮೊದಲ ಭಾಗದಲ್ಲಿ ಸ್ಟರ್ಜನ್‌ಗೆ ಬೆಲೆಯೇ ಇರಲಿಲ್ಲ. ಬಲೆ ಹರಿಯುತ್ತದೆ ಅಂತ ಹಿಡಿದು ಕೊಂದು ಎಸೆಯುತ್ತಿದ್ದರು. ಎಣ್ಣೆ ಜಾಸ್ತಿ ಇರುವುದರಿಂದ ಉಗಿದೋಣಿಯ ಒಲೆಗೂ ಹಾಕುತ್ತಿದ್ದರು. ಆಮೇಲೆ ಮೊಟ್ಟೆಗೆ ಬೆಲೆ ಬಂತು, ಕೆಲವೇ ದಶಕಗಳಲ್ಲಿ ಹಿಡಿದು ಖಾಲಿ ಮಾಡಿದರು. 1900ರ ಆಸುಪಾಸಿಗೆ ಆ ವ್ಯಾಪಾರ ಕುಸಿದಿತ್ತು.

ಮೊಟ್ಟೆಗಾಗಿ ಹಿಡಿಯುವುದರಲ್ಲಿ ವಿಶೇಷ ಕೇಡು ಇದೆ. ಹೊರಗಿನಿಂದ ನೋಡಿದರೆ ಹೆಣ್ಣು ಗಂಡು ಗೊತ್ತಾಗುವುದಿಲ್ಲ. ಕಳ್ಳಬೇಟೆಯವರು ಹೊಟ್ಟೆ ಸೀಳಿ ನೋಡುತ್ತಾರೆ. ಸಿಗುವ ಹೆಣ್ಣು 15, 20 ವರ್ಷ ಕಾದು ಬೆಳೆದದ್ದು. 1998ರಿಂದ ಎಲ್ಲ ಸ್ಟರ್ಜನ್‌ಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಡಿವಾಣ ಇದೆ. ಶವಲ್‌ನೋಸ್ ಹಿಡಿಯುವವರ ಕೈಗೆ ಅದನ್ನೇ ಹೋಲುವ ಪ್ಯಾಲಿಡ್ ಸಿಕ್ಕಿ ಸಾಯುತ್ತಿದ್ದ ಕಾರಣ, ಎರಡೂ ಇರುವ ಜಾಗಗಳಲ್ಲಿ ಶವಲ್‌ನೋಸ್‌ಗೂ 2010ರಲ್ಲಿ ಕಾನೂನಿನ ರಕ್ಷಣೆ ಕೊಟ್ಟರು.

ನಮ್ಮ ಹೊಲದ ಹೊಂಡದಲ್ಲಿ ಸ್ಟರ್ಜನ್ ಸಾಕಬಹುದಾ? ಲಾಭ ಇದೆಯಂತೆ.

ಬೇಡ. ಅದು ತಂಪು ನೀರಿನ ಮೀನು. ಬಳ್ಳಾರಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಹೊಂಡದ ನೀರು ಕಾಯುತ್ತದೆ. ಮೊಟ್ಟೆ ಸಿಗಲು ಎಷ್ಟೋ ವರ್ಷ ಸಾಕಬೇಕು. ಹೊರದೇಶದ ಮೀನು ತರಲು ಸರ್ಕಾರದ ಅನುಮತಿ ಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲಿ ನಿಷೇಧ ಇದ್ದರೂ ಕದ್ದು ಸಾಕಿ ಹೊಳೆಗೆ ಸೇರಿಸಿದ್ದರಿಂದ ಆದ ಹಾನಿ ಸಾಕು. ಹೊಂಡಕ್ಕೆ ಕಾಟ್ಲಾ, ರೋಹು, ಮೃಗಾಲ್ ಚೆನ್ನಾಗಿ ಒಗ್ಗುತ್ತವೆ. ಮೃಗಾಲ್ ತಳದಲ್ಲೇ ಮೇಯುವ ಮೀನು.

ಏಷ್ಯಾದಲ್ಲಿ ಹೊಳೆ ಸ್ಟರ್ಜನ್ ಇಲ್ವಾ?

ಇವೆ. ನಮಗೆ ಹತ್ತಿರದ್ದು ಅಂದರೆ ಮಧ್ಯ ಏಷ್ಯಾದ ಅಮು ದರಿಯಾ. ಅಫ್ಘಾನಿಸ್ತಾನದ ಗಡಿಯಲ್ಲಿ ಹರಿಯುವ ಈ ನದಿಯಲ್ಲಿ ಸಲಿಕೆ ಮೂತಿಯ ಎರಡು ಜಾತಿಗಳಿವೆ. ಚಿಕ್ಕ ಜಾತಿ ಇಡೀ ಸ್ಟರ್ಜನ್ ಕುಲದಲ್ಲೇ ಅತಿ ಚಿಕ್ಕದು, ಅಡಿಗಿಂತ ಅಷ್ಟೇನೂ ದೊಡ್ಡದಾಗುವುದಿಲ್ಲ. ಪಕ್ಕದ ಸಿರ್ ದರಿಯಾ ನದಿಯ ಇನ್ನೊಂದು ಜಾತಿ 1960ರ ದಶಕದ ನಂತರ ಕಾಣಿಸಿಲ್ಲ.

ಕಾರಣ ಹತ್ತಿ. ಸೋವಿಯತ್ ಕಾಲದಲ್ಲಿ ಮರಳುಗಾಡಿನಲ್ಲಿ ಹತ್ತಿ ಬೆಳೆಯಲು ಈ ಎರಡು ನದಿಗಳ ನೀರನ್ನು ಕಾಲುವೆಗಳಿಗೆ ತಿರುಗಿಸಿದರು. ನದಿ ಸೊರಗಿತು. ಅವು ಸೇರುತ್ತಿದ್ದ ಅರಲ್ ಸಮುದ್ರ 1960ರಿಂದ ಬತ್ತುತ್ತಾ ಬಂದು ಬಹುಪಾಲು ಉಪ್ಪಿನ ಬಯಲಾಯಿತು. ಹತ್ತಿಯ ಮಾರುಕಟ್ಟೆಗೆ ಹೆಸರಾದ ರಾಯಚೂರಿನವರು ನಾವು. ಈ ಕಥೆಯನ್ನು ನಮ್ಮ ಶಾಲೆಗಳಲ್ಲಿ ಬಿಡಿಸಿ ಹೇಳಬೇಕು ಅಂತ ನನ್ನ ಆಸೆ.

ಸ್ಟರ್ಜನ್ ಕಚ್ಚುತ್ತಾ?

ಹಲ್ಲಿಲ್ಲ, ಕಚ್ಚುವುದಿಲ್ಲ. ಫ್ಲಾರಿಡಾದ ಸುವಾನಿ ನದಿಯಲ್ಲಿ ಗಲ್ಫ್ ಸ್ಟರ್ಜನ್‌ಗಳು ಬೇಸಿಗೆಯಲ್ಲಿ ನೀರಿನಿಂದ ಮೇಲಕ್ಕೆ ಜಿಗಿಯುತ್ತವೆ. ಜೋರಾಗಿ ಓಡುವ ದೋಣಿಯವರಿಗೆ ಬಡಿದು ಪೆಟ್ಟಾದದ್ದಿದೆ. ಗಾಳಿಚೀಲ ತುಂಬಿಸಿಕೊಳ್ಳಲು ಜಿಗಿಯುತ್ತವೆ ಅನ್ನುವುದು ಒಂದು ವಿವರಣೆ.

ನಮ್ಮ ಹೊಳೆಯಲ್ಲಿ ಇದಕ್ಕೆ ಸಮನಾದ ತಳದ ಮೀನು ಯಾವುದು?

ಸಂಬಂಧದಿಂದ ಯಾವುದೂ ಇಲ್ಲ. ಬಾಳ್ವೆಯ ರೀತಿಯಿಂದ ಹತ್ತಿರ ಬರುವುದು ಉತ್ತರದವರು ಗೂಂಚ್ ಅನ್ನುವ ದೊಡ್ಡ ಮೀಸೆ ಮೀನು. ಬಂಡೆಗಳ ನಡುವೆ, ಸೆಳವು ಜೋರಾಗಿರುವ ಕಡೆ, ಎದೆಯ ರೆಕ್ಕೆಗಳನ್ನು ಕಲ್ಲಿಗೆ ಒತ್ತಿಕೊಂಡು ಬಿದ್ದಿರುತ್ತದೆ. ತಲೆ ಚಪ್ಪಟೆ, ಚರ್ಮ ಒರಟು. ಸ್ಟರ್ಜನ್‌ಗೆ ಇಲ್ಲದ ಹಲ್ಲು ಇದಕ್ಕಿದೆ, ಮೀನು ಸೀಗಡಿ ತಿನ್ನುತ್ತದೆ. ಇದರ ಒಂದು ಜಾತಿಯನ್ನು 1839ರಲ್ಲಿ ಕರ್ನಲ್ ಸೈಕ್ಸ್ ವಿವರಿಸಿದ್ದು ಪುಣೆಯ ಮುಳಾ ಮುಠಾ ನದಿಯ ಮೀನಿನಿಂದ. ಆ ನೀರು ಭೀಮೆಗೆ ಸೇರಿ, ಭೀಮೆ ರಾಯಚೂರಿನ ಉತ್ತರಕ್ಕೆ ಕೃಷ್ಣೆಗೆ ಸೇರುತ್ತದೆ.

ನಮ್ಮಲ್ಲಿ ತಳದ ಮೀನಿಗೆ ಅನುಕೂಲವಾದ ಒಂದು ಒಳ್ಳೆಯ ಕೆಲಸವೂ ಆಗಿದೆ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ತುಂಗಭದ್ರೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ನೀರುನಾಯಿ ಮೀನು ತಿಂದು ಬದುಕುವ ಪ್ರಾಣಿ. ಬಂಡೆ, ಮಡು, ಹರಿವು ಇದ್ದಲ್ಲಿ ಮಾತ್ರ ಇರುತ್ತದೆ. ಅದನ್ನು ಕಾಯಲು ಹೊರಟರೆ ಕೆಳಗಿನ ಮೀನುಗಳನ್ನೂ ಕಾಯಲೇಬೇಕು. ಅಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಸಿಡಿಮದ್ದು ದೊಡ್ಡ ಮೀನಿನ ಜೊತೆ ಮರಿ, ಮೊಟ್ಟೆ, ಹುಳ ಎಲ್ಲವನ್ನೂ ಮುಗಿಸುತ್ತದೆ.

ಗುರುತು ಸಿಗದ ಮೀನು ಬಿದ್ದರೆ ಏನು ಮಾಡಬೇಕು?

ಮೂರು ಫೋಟೊ ತೆಗೆಯಿರಿ: ಪಕ್ಕದಿಂದ, ಮೇಲಿನಿಂದ, ಹೊಟ್ಟೆ ಮೇಲೆ ಮಾಡಿ ಬಾಯಿ ಕಾಣುವ ಹಾಗೆ. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಎಲ್ಲಿ ಸಿಕ್ಕಿತು, ಯಾವ ತಿಂಗಳು, ನೀರು ಕೆಂಪಗಿತ್ತೋ ತಿಳಿಯಾಗಿತ್ತೋ, ತಳ ಮರಳೋ ಕಲ್ಲೋ ಕೆಸರೋ, ಹೊಟ್ಟೆಯಲ್ಲಿ ತತ್ತಿ ಇತ್ತೋ ಬರೆದುಕೊಳ್ಳಿ. ನಿಮ್ಮ ಊರಿನ ಹಿರಿಯರು ಅದನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಅಂತಲೂ ಕೇಳಿ ಬರೆಯಿರಿ. ಇದನ್ನೆಲ್ಲ ಹತ್ತಿರದ ಮೀನುಗಾರಿಕೆ ಇಲಾಖೆಗೆ ಅಥವಾ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕೊಡಿ. ನಮ್ಮ ಹೊಳೆಯದೇ ಮೀನು ಅಂತ ಖಚಿತವಾದರೆ, ಜೀವ ಇರುವಾಗಲೇ ಸಿಕ್ಕಿದ ಜಾಗದಲ್ಲೇ ವಾಪಸ್ ಬಿಡಿ.